ನಂದಿ ತಪ್ಪಲಿನ ಕೆಂಪು ದ್ರಾಕ್ಷಾರಸ: ರುಚಿ ಪರೀಕ್ಷೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೆಂಪು ದ್ರಾಕ್ಷಾರಸ, ಅಂದರೆ ಸಾಮಾನ್ಯವಾಗಿ ರೆಡ್ ವೈನ್ ಎಂದು ಕರೆಯಲಾಗುವ ಪಾನೀಯದ ಮಾತು ಬಂದೊಡನೆ ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳು ನೆನಪಿಗೆ ಬರುವುದು ಸಹಜ. ಬೆಂಗಳೂರಿನ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿರುವ ನಂದಿ ಬೆಟ್ಟದ ತಪ್ಪಲು ಈ ಸಾಲಿನಲ್ಲಿ ಬಹುಮಂದಿಗೆ ಹೊಳೆಯುವುದಿಲ್ಲ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಪರಿಸರದಲ್ಲಿ ದ್ರಾಕ್ಷಿ ಬೆಳೆಗೆ ದೀರ್ಘ ಇತಿಹಾಸವಿದ್ದು, 1980ರ ದಶಕದಿಂದೀಚೆಗೆ ಯುರೋಪಿನ ವೈನ್ ತಳಿಗಳನ್ನೂ ಇಲ್ಲಿ ಬೆಳೆಯಲಾಗುತ್ತಿದೆ.

ದ್ರಾಕ್ಷಿ ತೋಟಗಳ ಭೇಟಿಗೆ ಅಥವಾ ರುಚಿ ಪರೀಕ್ಷಾ ಕಾರ್ಯಕ್ರಮಗಳಿಗೆ ಹೆಸರು ನೋಂದಾಯಿಸುವ ನಾಗರಿಕರು ಮತ್ತು ವೈನ್ ದ್ರಾಕ್ಷಿ ಬೆಳೆಯಲು ನೆರವು ಕೋರುವ ರೈತರು ಮುಂಚಿತವಾಗಿ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಮಾಹಿತಿಯ ಉದ್ದೇಶವಲ್ಲ.

ಅನಿರೀಕ್ಷಿತ ಪ್ರದೇಶದ ವೈನ್ ಅನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. "ಇಲ್ಲಿ ಒಳ್ಳೆಯ ವೈನ್ ಆಗಲಾರದು" ಎಂಬ ಪೂರ್ವಗ್ರಹ ಮೊದಲನೆಯದು. "ನಮ್ಮ ಊರಿನದು, ಆದ್ದರಿಂದ ಒಳ್ಳೆಯದೇ" ಎಂಬ ಅಭಿಮಾನ ಎರಡನೆಯದು. ಈ ಎರಡರಿಂದಲೂ ಬೆಳೆಗಾರನಿಗೆ ನಷ್ಟವೇ ಹೊರತು ಲಾಭವಿಲ್ಲ. ಊರಿನ ಹೆಸರನ್ನು ಬದಿಗಿಟ್ಟು ಲೋಟದಲ್ಲಿರುವುದನ್ನು ಪರೀಕ್ಷಿಸುವುದೇ ನ್ಯಾಯವಾದ ಕ್ರಮ.

2. ಈ ಪ್ರದೇಶವನ್ನು ಅನಿರೀಕ್ಷಿತವೆಂದು ಏಕೆ ಪರಿಗಣಿಸಲಾಗುತ್ತದೆ?

ಜಗತ್ತಿನ ಬಹುತೇಕ ವೈನ್ ಪ್ರದೇಶಗಳು ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳಲ್ಲಿ ಸುಮಾರು 30 ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ. ಫ್ರಾನ್ಸಿನ ಬೋರ್ಡೋ ನಗರವು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ನಂದಿ ಬೆಟ್ಟವು ಸುಮಾರು 13 ಡಿಗ್ರಿಯಲ್ಲಿದೆ. ಅಕ್ಷಾಂಶವನ್ನಷ್ಟೇ ನೋಡಿದರೆ ಇದು ವೈನ್ ದ್ರಾಕ್ಷಿಗೆ ತೀರ ಬಿಸಿಯಾದ ಪ್ರದೇಶ.

ಈ ಕೊರತೆಯನ್ನು ಎತ್ತರವು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ತಪ್ಪಲಿನ ತೋಟಗಳು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಪ್ರತಿ 100 ಮೀಟರ್ ಎತ್ತರಕ್ಕೆ ಉಷ್ಣಾಂಶವು ಸರಾಸರಿ 0.6 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದರಿಂದ, ಇದೇ ಅಕ್ಷಾಂಶದ ಸಮುದ್ರ ತೀರಕ್ಕಿಂತ ಇಲ್ಲಿ ಹವೆ ತಂಪು. ಹಣ್ಣು ಮಾಗುವ ಚಳಿಗಾಲದ ತಿಂಗಳುಗಳಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗಿರುತ್ತದೆ. ಹಣ್ಣಿನ ಬಣ್ಣ ಗಾಢವಾಗಲು ಮತ್ತು ಹುಳಿ ಉಳಿಯಲು ಈ ತಂಪು ರಾತ್ರಿಗಳೇ ಕಾರಣ.

ಶೀತ ದೇಶಗಳಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ವಿಶ್ರಾಂತಿ ಪಡೆಯುತ್ತದೆ. ನಮ್ಮಲ್ಲಿ ಬಳ್ಳಿಗೆ ಅಂತಹ ವಿಶ್ರಾಂತಿ ದೊರೆಯುವುದಿಲ್ಲ. ಆದ್ದರಿಂದ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರುತ್ತಾರೆ. ಉತ್ತರ ಕರ್ನಾಟಕದ ಬೆಳೆಗಾರರು ಇದನ್ನು ಚಾಟ್ನಿ ಎನ್ನುತ್ತಾರೆ. ಬೇಸಿಗೆಯಲ್ಲಿ, ಏಪ್ರಿಲ್ ಹೊತ್ತಿಗೆ ಮಾಡುವ ಮೊದಲ ಸವರುವಿಕೆಯಿಂದ ಹಣ್ಣು ಬಿಡಬಲ್ಲ ಕಡ್ಡಿ ತಯಾರಾಗುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಅವಧಿಯ ಎರಡನೇ ಸವರುವಿಕೆಯ ನಂತರ ಹೂ ಮತ್ತು ಕಾಯಿ ಬರುತ್ತವೆ. ಕೊಯ್ಲು ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್ ಒಳಗೆ ನಡೆಯುತ್ತದೆ. ಉತ್ತರ ಗೋಳಾರ್ಧದಲ್ಲೇ ಇರುವ ಯುರೋಪಿನಲ್ಲಿ ಕೊಯ್ಲಿನ ಕಾಲ ಸೆಪ್ಟೆಂಬರ್–ಅಕ್ಟೋಬರ್. ಹೀಗಾಗಿ ಎರಡು ಬಾಟಲಿಗಳ ಮೇಲೆ ಒಂದೇ ವರ್ಷ ನಮೂದಾಗಿದ್ದರೂ ನಮ್ಮ ವೈನ್ ಸುಮಾರು ಆರು ತಿಂಗಳು ಹಿರಿಯದಾಗಿರುತ್ತದೆ.

3. ತಿನ್ನುವ ದ್ರಾಕ್ಷಿ ಮತ್ತು ವೈನ್ ದ್ರಾಕ್ಷಿ

ಈ ಭಾಗದ ಹಳೆಯ ತಳಿ ಬೆಂಗಳೂರು ನೀಲಿ ದ್ರಾಕ್ಷಿ. ಇದಕ್ಕೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇದರ ಮೂಲ ಅಮೆರಿಕದ ಲಾಬ್ರುಸ್ಕಾ ದ್ರಾಕ್ಷಿ. ತಿನ್ನಲು, ಹಣ್ಣಿನ ರಸಕ್ಕೆ, ಜಾಮ್‌ಗೆ ಮತ್ತು ಸಿಹಿಯಾದ ಪೋರ್ಟ್ ಮಾದರಿಯ ವೈನ್‌ಗೆ ಇದು ಬಳಕೆಯಾಗುತ್ತಾ ಬಂದಿದೆ. ಇದರ ಘಾಟಾದ ವಿಶಿಷ್ಟ ಪರಿಮಳ ಬೆಂಗಳೂರಿನವರಿಗೆ ಚಿರಪರಿಚಿತ. ಆದರೆ ಒಣ ಕೆಂಪು ವೈನ್‌ನಲ್ಲಿ ಪರೀಕ್ಷಕರು ಆ ಪರಿಮಳವನ್ನು ಬಯಸುವುದಿಲ್ಲ.

ಒಣ ಕೆಂಪು ವೈನ್‌ಗೆ ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್ ಮೊದಲಾದ ಯುರೋಪಿನ ತಳಿಗಳು ಬೇಕು. 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನೊಂದಿಗೆ ದೊಡ್ಡಬಳ್ಳಾಪುರದ ಬಳಿ ಇಂತಹ ತಳಿಗಳ ತೋಟ ಸ್ಥಾಪಿಸಿದ್ದು ಈ ದಿಕ್ಕಿನಲ್ಲಿ ಮುಖ್ಯ ಹೆಜ್ಜೆ. 1990ರ ದಶಕದ ಮಧ್ಯಭಾಗದಿಂದ ಬೋರ್ಡೋ ಪ್ರಾಂತ್ಯದ ಮಿಶೆಲ್ ರೋಲಾಂ ಅವರು ಇಲ್ಲಿಗೆ ಸಲಹೆಗಾರರಾದರು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಒಣಹವೆಯ ಜಿಲ್ಲೆಗಳಲ್ಲಿಯೂ ವೈನ್ ದ್ರಾಕ್ಷಿ ಬೆಳೆಯಲಾಗುತ್ತಿದೆ.

ಅರ್ಜಿ ಸಲ್ಲಿಸುವ ರೈತರು ಒಂದು ವಿಷಯವನ್ನು ಅವಶ್ಯವಾಗಿ ಗಮನಿಸತಕ್ಕದ್ದು. ವೈನ್ ದ್ರಾಕ್ಷಿಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವ ಹಣ್ಣಾಗಿ ಇದಕ್ಕೆ ಸಂತೆಯಲ್ಲಿ ಬೇಡಿಕೆಯಿಲ್ಲ. ಬಳ್ಳಿ ನೆಟ್ಟ ಮೇಲೆ ಪೂರ್ಣ ಫಸಲಿಗೆ ಸುಮಾರು ಮೂರು ವರ್ಷ ಕಾಯಬೇಕು. ವೈನ್ ತಯಾರಿಕಾ ಘಟಕವು ಖರೀದಿಯಿಂದ ಹಿಂದೆ ಸರಿದಲ್ಲಿ ಬೆಂಗಳೂರು ನೀಲಿಯಂತೆ ಅದನ್ನು ಮಾರುಕಟ್ಟೆಗೆ ಒಯ್ದು ಮಾರಲಾಗದು. ಆದ್ದರಿಂದ ಒಂದು ಪ್ರದೇಶದ ವೈನ್ ಬಗ್ಗೆ ಪರೀಕ್ಷಕರು ನೀಡುವ ಅಭಿಪ್ರಾಯವು ಕೇವಲ ಅಭಿರುಚಿಯ ವಿಷಯವಲ್ಲ. ಅಲ್ಲಿನ ಬೆಳೆಗಾರರ ಆದಾಯವೂ ಅದನ್ನು ಅವಲಂಬಿಸಿರುತ್ತದೆ.

4. ಪರೀಕ್ಷೆಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

(ಅ) ಉಷ್ಣಾಂಶ: ಕೆಂಪು ವೈನ್ ಅನ್ನು ಕೋಣೆಯ ಉಷ್ಣಾಂಶದಲ್ಲಿ ಪರೀಕ್ಷಿಸಬೇಕೆಂಬ ಮಾತು ಶೀತ ದೇಶಗಳ ಕೋಣೆಗಳಿಗೆ ಅನ್ವಯಿಸುತ್ತದೆ. ಸೂಕ್ತ ಉಷ್ಣಾಂಶ 16 ರಿಂದ 18 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಬಾಟಲಿಯನ್ನು ಸುಮಾರು ಅರ್ಧ ಗಂಟೆ ಫ್ರಿಜ್‌ನಲ್ಲಿರಿಸಿ ತೆಗೆಯುವುದು ಒಳ್ಳೆಯದು. ಬೆಚ್ಚಗಿನ ವೈನ್‌ನಲ್ಲಿ ಮದ್ಯಸಾರದ ಉರಿಯೇ ಮುಂದಾಗಿ ಹಣ್ಣಿನ ಪರಿಮಳ ಮರೆಯಾಗುತ್ತದೆ. ಇದರಿಂದ ಹವೆಯ ದೋಷವನ್ನು ವೈನ್ ಮೇಲೆ ಹೊರಿಸಿದಂತಾಗುತ್ತದೆ.

(ಆ) ಲೋಟ: ತೆಳುವಾದ, ಬಣ್ಣವಿಲ್ಲದ, ಬಾಯಿ ಕಿರಿದಾದ ಗಾಜಿನ ಲೋಟವಿರಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1977ರಲ್ಲಿ ನಿಗದಿಪಡಿಸಿದ ಪರೀಕ್ಷಾ ಲೋಟದ ಗಾತ್ರ ಸುಮಾರು 215 ಮಿ.ಲೀ. ಇದ್ದು, ಅದರಲ್ಲಿ 50 ಮಿ.ಲೀ. ಮಾತ್ರ ಸುರಿಯಲಾಗುತ್ತದೆ. ಉಳಿದ ಖಾಲಿ ಜಾಗ ಪರಿಮಳ ಶೇಖರಣೆಗಾಗಿ.

(ಇ) ಆಹಾರ: ಪರೀಕ್ಷೆಗೆ ಮುನ್ನ ಖಾರದ ತಿಂಡಿ, ಎಲೆಅಡಿಕೆ, ಕಾಫಿ ಸೇವಿಸಬಾರದು. ಮೆಣಸಿನಕಾಯಿಯ ಖಾರ ಮತ್ತು ಮದ್ಯಸಾರ ಸೇರಿದರೆ ಬಾಯುರಿ ಹೆಚ್ಚಿ ರುಚಿ ತಿಳಿಯುವುದಿಲ್ಲ. ಸುಗಂಧ ದ್ರವ್ಯ, ಊದುಬತ್ತಿ, ಮುಡಿದ ಮಲ್ಲಿಗೆಯ ಪರಿಮಳವೂ ಪರೀಕ್ಷೆಗೆ ಅಡ್ಡಿಯಾಗುತ್ತದೆ.

(ಈ) ಪೀಕದಾನಿ: ರುಚಿ ನೋಡಿದ ವೈನ್ ಅನ್ನು ಉಗುಳುವುದು ಅಸಭ್ಯವಲ್ಲ, ವೃತ್ತಿಪರ ಪರೀಕ್ಷಕರೆಲ್ಲರೂ ಇದನ್ನು ಪಾಲಿಸುತ್ತಾರೆ. ಶೇಕಡಾ 13ರಷ್ಟು ಮದ್ಯಸಾರವಿರುವ ಆರು ಮಾದರಿಗಳನ್ನು ತಲಾ 30 ಮಿ.ಲೀ. ನುಂಗಿದಲ್ಲಿ ದೇಹಕ್ಕೆ ಸುಮಾರು 18 ಗ್ರಾಂ ಶುದ್ಧ ಮದ್ಯಸಾರ ಸೇರುತ್ತದೆ. ಐದಾರನೆಯ ಮಾದರಿಯ ಹೊತ್ತಿಗೆ ತೀರ್ಮಾನವೂ ಸಡಿಲವಾಗುತ್ತದೆ.

5. ಪರೀಕ್ಷೆಯ ಕ್ರಮ

ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳ ಮಿಶ್ರಣದ ಕೆಂಪು ವೈನ್ ಅನ್ನು ಉದಾಹರಣೆಯಾಗಿಟ್ಟುಕೊಂಡು ಪರೀಕ್ಷೆಯ ಹಂತಗಳನ್ನು ಈ ಕೆಳಗೆ ನೀಡಲಾಗಿದೆ.

(1) ನೋಟ: ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿ ಹಿಡಿದು ಅಂಚಿನ ಬಣ್ಣ ನೋಡಬೇಕು. ಹೊಸ ವೈನ್‌ನ ಅಂಚು ನೇರಳೆ ಬಣ್ಣಕ್ಕಿರುತ್ತದೆ. ವಯಸ್ಸಾದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನಮೂದಿತ ವರ್ಷ ಹತ್ತಿರದ್ದಾಗಿದ್ದೂ ಅಂಚು ಆಗಲೇ ಕಂದಾಗಿದ್ದರೆ ಬಾಟಲಿಯನ್ನು ಬಿಸಿಯಲ್ಲಿ ಇರಿಸಿದ್ದ ಸಾಧ್ಯತೆಯನ್ನು ಯೋಚಿಸಬೇಕು.

(2) ಪರಿಮಳ: ಮೊದಲು ಲೋಟವನ್ನು ಅಲುಗಿಸದೆ, ನಂತರ ಮೆಲ್ಲಗೆ ಸುತ್ತಿಸಿ ಮೂಸಬೇಕು. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಬರುವುದುಂಟು. ಇದು ಹೋಲಿಕೆಯ ಮಾತಷ್ಟೇ ಅಲ್ಲ. ರೊಟಂಡೋನ್ ಎಂಬ ಒಂದೇ ವಸ್ತು ಕರಿಮೆಣಸಿನಲ್ಲಿಯೂ ಶಿರಾಜ್ ದ್ರಾಕ್ಷಿಯಲ್ಲಿಯೂ ಇರುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಆದ್ದರಿಂದ ಪಕ್ಕದವರಿಗೆ ಬಂದ ಮೆಣಸಿನ ಪರಿಮಳ ತಮಗೆ ಬಾರದಿದ್ದಲ್ಲಿ ಸಂಕೋಚಪಡಬೇಕಾಗಿಲ್ಲ. ಕ್ಯಾಬರ್ನೆ ಹಣ್ಣು ಪೂರ್ತಿ ಮಾಗುವ ಮುನ್ನ ಕೊಯ್ದಿದ್ದರೆ ಹಸಿ ದಪ್ಪ ಮೆಣಸಿನಕಾಯಿಯ ವಾಸನೆ ಬರುತ್ತದೆ.

(3) ರುಚಿ: ಒಂದು ಸಣ್ಣ ಗುಟುಕನ್ನು ನಾಲಿಗೆಯ ಎಲ್ಲ ಭಾಗಕ್ಕೂ ತಾಗುವಂತೆ ಕೆಲವು ಕ್ಷಣ ಬಾಯಲ್ಲಿ ಇರಿಸಿಕೊಂಡು ಸಿಹಿ, ಹುಳಿ, ಒಗರು, ಮದ್ಯಸಾರದ ಬಿಸಿ ಇವುಗಳನ್ನು ಒಂದೊಂದಾಗಿ ಗಮನಿಸಬೇಕು. ಬಿಸಿ ಪ್ರದೇಶದ ವೈನ್‌ನಲ್ಲಿ ಈ ನಾಲ್ಕರ ಸಮತೋಲನವೇ ನಿಜವಾದ ಪರೀಕ್ಷೆ. ಬಿಸಿಲು ಹೆಚ್ಚಾದಂತೆ ಹಣ್ಣಿನಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಆದರೆ ಸಿಪ್ಪೆ ಮತ್ತು ಬೀಜದ ಒಗರು ಅಷ್ಟೇ ವೇಗದಲ್ಲಿ ಮಾಗುವುದಿಲ್ಲ. ರಸದಲ್ಲಿನ ಪ್ರತಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯು ಹುದುಗಿದಾಗ ಶೇಕಡಾ 1ರಷ್ಟು ಮದ್ಯಸಾರವಾಗುತ್ತದೆ. ಒಗರು ಮಾಗಲೆಂದು ಕಾದರೆ ಮದ್ಯಸಾರ ಹೆಚ್ಚುತ್ತದೆ; ಹುಳಿ ಉಳಿಯಲೆಂದು ಮೊದಲೇ ಕೊಯ್ದರೆ ಒಗರು ಹಸಿಯಾಗಿ ಉಳಿಯುತ್ತದೆ. ಕೊಯ್ಲಿನ ದಿನವನ್ನು ಬೆಳೆಗಾರ ಎಷ್ಟು ಸರಿಯಾಗಿ ಆರಿಸಿದ್ದಾನೆ ಎಂಬುದು ಈ ಗುಟುಕಿನಲ್ಲಿ ತಿಳಿಯುತ್ತದೆ.

(4) ಉಳಿಯುವ ರುಚಿ: ಉಗುಳಿದ ಅಥವಾ ನುಂಗಿದ ನಂತರ ಹಣ್ಣಿನ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಗಮನಿಸಬೇಕು. ಹಣ್ಣಿನ ರುಚಿ ಕೂಡಲೇ ಮಾಯವಾಗಿ ಗಂಟಲಿನ ಉರಿ ಮಾತ್ರ ಉಳಿದರೆ ಸಮತೋಲನ ತಪ್ಪಿದೆ ಎಂದು ತಿಳಿಯಬೇಕು. ಹುಳಿ ಮತ್ತು ಹಣ್ಣಿನ ರುಚಿ ಒಟ್ಟಿಗೆ ನಿಧಾನವಾಗಿ ಇಳಿದರೆ ಅದು ಒಳ್ಳೆಯ ವೈನ್‌ನ ಲಕ್ಷಣ.

6. ವಿವರಣೆಗೆ ಪರಿಚಿತ ಪದಗಳೇ ಸಾಕು

ರುಚಿ ಪರೀಕ್ಷೆಯ ಪುಸ್ತಕಗಳಲ್ಲಿ ಬರುವ ಅನೇಕ ಹಣ್ಣುಗಳು ಯುರೋಪಿನವು. ತಿಂದೇ ಇರದ ಹಣ್ಣಿನ ಹೆಸರನ್ನು ಪರೀಕ್ಷಾ ಪತ್ರದಲ್ಲಿ ಬರೆಯುವುದರಿಂದ ಪ್ರಯೋಜನವಿಲ್ಲ. ಷಡ್ರಸಗಳಲ್ಲಿ ಒಗರನ್ನೂ ಎಣಿಸುವ ನಮ್ಮ ಭಾಷೆಯಲ್ಲಿ ಕೆಂಪು ವೈನ್‌ನ ಮುಖ್ಯ ಗುಣಕ್ಕೆ ಮೊದಲಿನಿಂದಲೂ ಪದವಿದೆ. ನೇರಳೆ ಹಣ್ಣು ತಿಂದಾಗ, ಎಳೆಯ ಅಡಿಕೆ ಅಗಿದಾಗ, ಹಾಲಿಲ್ಲದ ಗಟ್ಟಿ ಚಹಾ ಕುಡಿದಾಗ ನಾಲಿಗೆ ಹಿಡಿದಂತಾಗುವುದೇ ಒಗರು. ಟ್ಯಾನಿನ್ ಎಂಬ ವಸ್ತುವು ಜೊಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವುದು ಇದಕ್ಕೆ ಕಾರಣ. ಚಹಾಕ್ಕೆ ಹಾಲು ಬೆರೆಸಿದಾಗ ಒಗರು ಇಳಿಯುವುದು, ಆ ಟ್ಯಾನಿನ್ ಹಾಲಿನ ಪ್ರೋಟೀನ್‌ಗೆ ಅಂಟುವುದರಿಂದ.

ನೇರಳೆ, ಹುಣಸೆ, ಲವಂಗ, ಕರಿಮೆಣಸು, ಬೆಲ್ಲ, ಹೊಗೆ, ಮೊದಲ ಮಳೆಗೆ ಒದ್ದೆಯಾದ ಮಣ್ಣು ಮುಂತಾದ ಪದಗಳನ್ನು ಪರೀಕ್ಷಕರು ಧಾರಾಳವಾಗಿ ಬಳಸಬಹುದು. ಪದ ಯಾವುದೇ ಇರಲಿ, ಅದು ಬಾಯಿಗೆ ಬಂದ ಅನುಭವಕ್ಕೆ ನಿಷ್ಠವಾಗಿರಬೇಕು.

7. ದೋಷ ಪ್ರದೇಶದ್ದೇ, ಬಾಟಲಿಯದ್ದೇ?

ಒಂದು ಕೆಟ್ಟ ಬಾಟಲಿಯಿಂದ ಇಡೀ ಪ್ರದೇಶವನ್ನು ಅಳೆಯಬಾರದು. ಈ ಕೆಳಕಂಡ ದೋಷಗಳು ಜಗತ್ತಿನ ಯಾವುದೇ ಪ್ರದೇಶದ ವೈನ್‌ನಲ್ಲಿ ಕಾಣಿಸಿಕೊಳ್ಳಬಹುದು:

- ಒದ್ದೆಯಾದ ರಟ್ಟಿನ ವಾಸನೆ: ಬಿರಡೆಯ ದೋಷ.
- ವಿನಿಗರ್ ಅಥವಾ ಉಗುರು ಬಣ್ಣದ ವಾಸನೆ: ಬ್ಯಾಕ್ಟೀರಿಯಾದಿಂದ ಹುಳಿಯಾಗಿರುವುದು.
- ಹಣ್ಣಿನ ಪರಿಮಳ ಸತ್ತು ಕಂದು ಬಣ್ಣ ಬಂದಿರುವುದು: ಗಾಳಿಯ ಸಂಪರ್ಕ.
- ಕುದಿಸಿದ ಹಣ್ಣಿನ ವಾಸನೆ, ಮೇಲೆದ್ದ ಬಿರಡೆ: ಸಾಗಣೆ ಅಥವಾ ದಾಸ್ತಾನಿನ ವೇಳೆ ತಗುಲಿದ ಶಾಖ.

ಕೊನೆಯ ದೋಷ ನಮ್ಮ ರಾಜ್ಯದಲ್ಲಿ ವಿಶೇಷವಾಗಿ ಗಮನಾರ್ಹ. ತೋಟದಲ್ಲಿ ಬೆಳಗಿನ ಜಾವದ ತಂಪಿನಲ್ಲಿ ಕೊಯ್ದು ಜೋಪಾನವಾಗಿ ತಯಾರಿಸಿದ ವೈನ್, ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದರೆ ಹಾಳಾಗುತ್ತದೆ. ಇಂತಹ ಬಾಟಲಿ ಬಂದಲ್ಲಿ ಅದೇ ವೈನ್‌ನ ಎರಡನೇ ಬಾಟಲಿಯನ್ನು ತೆರೆದು ನೋಡಿದ ನಂತರವೇ ತೀರ್ಮಾನಕ್ಕೆ ಬರುವುದು ಸೂಕ್ತ.

8. ಹೆಸರು ಮರೆಮಾಡಿ ಪರೀಕ್ಷಿಸುವುದು ಏಕೆ?

2001ರಲ್ಲಿ ಪ್ರಕಟವಾದ, ಬೋರ್ಡೋದಲ್ಲಿ ನಡೆದ ಪ್ರಯೋಗವೊಂದರಲ್ಲಿ ವೈನ್ ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ನೀಡಲಾಯಿತು. ಅದರ ಪರಿಮಳವನ್ನು ಅವರು ಕೆಂಪು ವೈನ್‌ಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಕಂಡದ್ದನ್ನು ಮೂಗು ಒಪ್ಪಿಕೊಂಡಿತ್ತು. ಬಣ್ಣವೇ ಇಷ್ಟು ದಾರಿ ತಪ್ಪಿಸುವುದಾದರೆ ಊರಿನ ಹೆಸರು ಮತ್ತು ಬೆಲೆಯ ಪ್ರಭಾವ ಎಷ್ಟಿರಬಹುದೆಂದು ಊಹಿಸಬಹುದು.

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಅವರು ಹೆಸರು ಮರೆಮಾಡಿದ ಪರೀಕ್ಷೆಯೊಂದನ್ನು ಏರ್ಪಡಿಸಿದ್ದರು. ಆ ಕಾಲಕ್ಕೆ ಕ್ಯಾಲಿಫೋರ್ನಿಯಾ ಕೂಡ ಅನಿರೀಕ್ಷಿತ ಪ್ರದೇಶವೇ ಆಗಿತ್ತು. ಫ್ರೆಂಚ್ ತೀರ್ಪುಗಾರರು ನೀಡಿದ ಅಂಕಗಳನ್ನು ಕೂಡಿಸಿದಾಗ ಕೆಂಪು ವೈನ್ ವಿಭಾಗದಲ್ಲಿ ಬೋರ್ಡೋದ ಪ್ರಸಿದ್ಧ ವೈನ್‌ಗಳನ್ನು ಹಿಂದಿಕ್ಕಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಮೊದಲ ಸ್ಥಾನ ಪಡೆಯಿತು. ಹೆಸರು ಕಾಣುತ್ತಿದ್ದರೆ ಫಲಿತಾಂಶ ಹೀಗೆ ಬರುತ್ತಿತ್ತೇ ಎಂಬುದು ಯೋಚಿಸತಕ್ಕ ವಿಷಯ.

ಮನೆಯಲ್ಲಿಯೂ ಇದನ್ನು ಸುಲಭವಾಗಿ ಮಾಡಬಹುದು. ಒಂದೇ ತಳಿಯ, ಸಮೀಪದ ಬೆಲೆಯ ಮೂರು ಬಾಟಲಿಗಳಿಗೆ ಕಾಗದ ಸುತ್ತಿ 1, 2, 3 ಎಂದು ಬರೆದು, ಪ್ರತಿಯೊಬ್ಬರೂ ಅಭಿಪ್ರಾಯ ಬರೆದ ನಂತರವೇ ಕಾಗದ ತೆಗೆಯಬೇಕು. ಅಭಿಪ್ರಾಯ ಬರೆಯುವ ಮುನ್ನ ಪರಸ್ಪರ ಚರ್ಚಿಸಬಾರದು. ಈ ಪರೀಕ್ಷೆಯಲ್ಲಿ ನಂದಿ ತಪ್ಪಲಿನ ವೈನ್ ಕೊನೆಯ ಸ್ಥಾನ ಪಡೆದರೆ ಅದನ್ನೂ ಹಾಗೆಯೇ ದಾಖಲಿಸಬೇಕು. ಹುಳಿ ಕಡಿಮೆಯೆಂದೋ, ಒಗರು ಹಸಿಯೆಂದೋ ಸ್ಪಷ್ಟವಾಗಿ ಬರೆದ ಟಿಪ್ಪಣಿಯಿಂದ ಬೆಳೆಗಾರ ಮುಂದಿನ ಕೊಯ್ಲಿನ ದಿನವನ್ನು ಬದಲಿಸಿಕೊಳ್ಳಬಹುದು. ಬರಿಯ ಹೊಗಳಿಕೆಯಿಂದ ಅವನಿಗೆ ಏನೂ ತಿಳಿಯುವುದಿಲ್ಲ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವೈನ್ ಹಳೆಯದಾದಷ್ಟೂ ರುಚಿ ಹೆಚ್ಚುವುದೇ?
ಉತ್ತರ: ಇಲ್ಲ. ಬಹುತೇಕ ವೈನ್‌ಗಳನ್ನು ಕೆಲವೇ ವರ್ಷಗಳಲ್ಲಿ ಬಳಸಲೆಂದೇ ತಯಾರಿಸಲಾಗುತ್ತದೆ. ತಂಪಾದ, ಕತ್ತಲೆಯ ಸ್ಥಳವಿಲ್ಲದ ಮನೆಯಲ್ಲಿ ವೈನ್ ಕೂಡಿಡುವುದು ಸೂಕ್ತವಲ್ಲ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಉಳಿಯುತ್ತದೆ?
ಉತ್ತರ: ಬಿರಡೆ ಹಾಕಿ ಫ್ರಿಜ್‌ನಲ್ಲಿರಿಸಿದರೆ ಕೆಂಪು ವೈನ್ ಸಾಮಾನ್ಯವಾಗಿ ಮೂರು ದಿನಗಳವರೆಗೆ ಉಳಿಯುತ್ತದೆ.

ಪ್ರಶ್ನೆ: ಒಣ ವೈನ್ ಎಂದರೇನು?
ಉತ್ತರ: ದ್ರಾಕ್ಷಿಯ ಸಕ್ಕರೆ ಬಹುಪಾಲು ಮದ್ಯಸಾರವಾಗಿ ಪರಿವರ್ತನೆಗೊಂಡು ಸಿಹಿ ಉಳಿಯದ ವೈನ್.

ಪ್ರಶ್ನೆ: ಲೇಬಲ್‌ನಲ್ಲಿ ಏನನ್ನು ನೋಡಬೇಕು?
ಉತ್ತರ: ತಯಾರಕರ ವಿಳಾಸ, ದ್ರಾಕ್ಷಿಯ ತಳಿ, ಕೊಯ್ಲಿನ ವರ್ಷ, ಮದ್ಯಸಾರದ ಶೇಕಡಾ ಪ್ರಮಾಣ ಮತ್ತು ಸಲ್ಫೈಟ್ ಕುರಿತ ಸೂಚನೆ. ಸಲ್ಫೈಟ್ ಒಗ್ಗದವರು, ವಿಶೇಷವಾಗಿ ಕೆಲವು ಆಸ್ತಮಾ ರೋಗಿಗಳು, ಇದನ್ನು ಅವಶ್ಯವಾಗಿ ಓದತಕ್ಕದ್ದು. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಮದ್ಯಯುಕ್ತ ಪಾನೀಯಗಳು) ನಿಯಮಾವಳಿ, 2018ರ ಪ್ರಕಾರ ಆರೋಗ್ಯ ಎಚ್ಚರಿಕೆಯೂ ಕಡ್ಡಾಯ.

10. ಆರೋಗ್ಯ ಮತ್ತು ಕಾನೂನು: ಮುಖ್ಯ ಸೂಚನೆ

ಆರೋಗ್ಯದ ದೃಷ್ಟಿಯಿಂದ ಮದ್ಯಸಾರದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ತಿಳಿಸಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಿ ಯಾರೂ ಸೇವನೆ ಆರಂಭಿಸಬಾರದು. ಗರ್ಭಿಣಿಯರು, ಔಷಧ ಸೇವಿಸುತ್ತಿರುವವರು ಹಾಗೂ ಕಾನೂನುಬದ್ಧ ವಯಸ್ಸು ತಲುಪದವರು ರುಚಿ ಪರೀಕ್ಷೆಯಲ್ಲಿ ಭಾಗವಹಿಸಬಾರದು. ಅಂತಹವರು ತೋಟದ ಭೇಟಿಯ ವೇಳೆ ಬಳ್ಳಿ, ಹಣ್ಣು ಮತ್ತು ಪೀಪಾಯಿಗಳ ವೀಕ್ಷಣೆಗಷ್ಟೇ ಸೀಮಿತಗೊಳ್ಳುವುದು ಸೂಕ್ತ.

ಮೋಟಾರು ವಾಹನಗಳ ಅಧಿನಿಯಮ, 1988ರ 185ನೇ ಪ್ರಕರಣದಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದ ಮದ್ಯಸಾರವಿದ್ದು ವಾಹನ ಚಲಾಯಿಸುವುದು ಶಿಕ್ಷಾರ್ಹ ಅಪರಾಧ. ತೋಟಗಳಿಗೆ ಬರುವವರು ಚಾಲಕರನ್ನು ಮುಂಚಿತವಾಗಿಯೇ ಗೊತ್ತುಪಡಿಸಿಕೊಳ್ಳತಕ್ಕದ್ದು. ಚಾಲಕರು ರುಚಿ ಪರೀಕ್ಷೆಯಿಂದ ಹೊರಗುಳಿಯತಕ್ಕದ್ದು.

11. ಸಾರಾಂಶ

ತಂಪಾಗಿಸಿ ಸುರಿಯುವುದು, ಹೆಸರು ಮರೆಮಾಡುವುದು, ಪರಿಚಿತ ಪದಗಳಲ್ಲಿ ಬರೆಯುವುದು, ಬಾಟಲಿಯ ದೋಷವನ್ನು ಪ್ರದೇಶದ ದೋಷದಿಂದ ಬೇರ್ಪಡಿಸುವುದು ಮತ್ತು ಉಗುಳುವುದು: ಈ ಐದನ್ನು ಪಾಲಿಸಿದಲ್ಲಿ ಸಾಮಾನ್ಯ ನಾಗರಿಕರೂ ನ್ಯಾಯಯುತವಾಗಿ ರುಚಿ ಪರೀಕ್ಷೆ ನಡೆಸಬಹುದು. ಮೂರು ವರ್ಷ ಕಾದು ಫಸಲು ಕಂಡ ಬೆಳೆಗಾರರು ಪರೀಕ್ಷಕರಿಂದ ನಿರೀಕ್ಷಿಸುವುದು ರಿಯಾಯಿತಿಯನ್ನಲ್ಲ, ಪಕ್ಷಪಾತವಿಲ್ಲದ ಅಭಿಪ್ರಾಯವನ್ನು.